ಅಗ್ಗದ ಬಾಸ್ ಗಿಟಾರ್: ಬೆಲೆ ಇಳಿದರೂ ಗುಣ ಉಳಿದದ್ದು ಹೇಗೆ?

ಚರ್ಚಿನ ಗಾಯನ ತಂಡವಿರಲಿ, ಗಣೇಶೋತ್ಸವದ ಆರ್ಕೆಸ್ಟ್ರಾ ಇರಲಿ, ಹಾಡಿಗೆ ತಳಪಾಯ ಹಾಕುವುದು ಬಾಸ್ ಗಿಟಾರ್. ಅದು ನುಡಿಯುತ್ತಿರುವಷ್ಟು ಹೊತ್ತು ಹೆಚ್ಚಿನವರ ಗಮನಕ್ಕೆ ಬಾರದು. ನಿಂತೊಡನೆ ಹಾಡು ಟೊಳ್ಳಾಗುತ್ತದೆ. ಈ ವಾದ್ಯ ಕೊಳ್ಳಲು ಹೊರಟವರನ್ನು ಮೊದಲು ಕಂಗೆಡಿಸುವುದು ಬೆಲೆ. ನೋಡಲು ಒಂದೇ ಬಗೆಯ ಎರಡು ಬಾಸ್‌ಗಳಲ್ಲಿ ಒಂದರ ಬೆಲೆ ಇನ್ನೊಂದರ ಹತ್ತು ಪಟ್ಟು ಇರಬಹುದು. ನಾದದಲ್ಲಿ ಅಷ್ಟು ಅಂತರ ಖಂಡಿತ ಇಲ್ಲ. ಇದರ ಕಾರಣ ವಾದ್ಯದ ಹುಟ್ಟಿನಲ್ಲೇ ಇದೆ.

ಕಾರ್ಖಾನೆಯ ಕೂಸು

ವೀಣೆಯ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುವಾಗ ಕುಶಲಕರ್ಮಿಯ ಕಿವಿಯೇ ಅಳತೆಗೋಲು. ಬಾಸ್ ಗಿಟಾರ್ ಹುಟ್ಟಿದ್ದೇ ಬೇರೆ ರೀತಿಯಲ್ಲಿ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ತಯಾರಾದ ‘ಪ್ರಿಸಿಷನ್ ಬಾಸ್’ ಮಾದರಿಯಲ್ಲಿ ಕೆತ್ತನೆಯ ಕುಸುರಿ ಇರಲಿಲ್ಲ. ಮರದ ಗಟ್ಟಿ ಹಲಗೆ, ಅದಕ್ಕೆ ನಾಲ್ಕು ಸ್ಕ್ರೂಗಳಿಂದ ಬಿಗಿದ ನೆಕ್, ಸರಿಯಾದ ಸ್ವರಸ್ಥಾನಕ್ಕೆ ಬೆರಳನ್ನು ಕರೆದೊಯ್ಯುವ ಫ್ರೆಟ್‌ಗಳು, 34 ಇಂಚಿನ ತಂತಿಯಳತೆ: ಇಷ್ಟೇ. ಆಳೆತ್ತರದ ಡಬಲ್ ಬಾಸನ್ನು ಊರೂರಿಗೆ ಹೊತ್ತು, ಡ್ರಮ್ಸ್ ಅಬ್ಬರದ ನಡುವೆ ಅದರ ದನಿ ಕೇಳಿಸಲು ಹೆಣಗುತ್ತಿದ್ದ ವಾದಕರಿಗೆ ಇದು ದೊಡ್ಡ ಬಿಡುಗಡೆಯಾಯಿತು. 1957ರಲ್ಲಿ, ತಂತಿಯ ಕಂಪನವನ್ನು ಹಿಡಿಯುವ ಅದರ ಪಿಕಪ್‌ಗೆ ಎರಡು ತುಂಡಿನ ವಿನ್ಯಾಸ ಬಂತು. 1960ರಲ್ಲಿ ತೆಳುವಾದ ನೆಕ್ ಮತ್ತು ಎರಡು ಪಿಕಪ್‌ಗಳ ‘ಜಾಝ್ ಬಾಸ್’ ಬಂತು. ಇಂದು ಅಂಗಡಿಯಲ್ಲಿ ತೂಗಾಡುವ ಬಾಸ್‌ಗಳಲ್ಲಿ ಬಹುಪಾಲು ಈ ಎರಡರ ಸಂತತಿಯೇ. ಗರಗಸ, ಡ್ರಿಲ್ಲುಗಳಿಂದ ಸಾಲುಸಾಲಾಗಿ ತಯಾರಿಸಲೆಂದೇ ರೂಪಿಸಿದ ವಾದ್ಯವಾದ್ದರಿಂದ ಅದನ್ನು ಬೇರೆಡೆ ಅಗ್ಗವಾಗಿ ತಯಾರಿಸುವುದೂ ಸುಲಭವಾಯಿತು.

ಮತ್ಸುಮೊಟೊದಿಂದ ಸುರಬಾಯಾವರೆಗೆ

1970ರ ದಶಕದಲ್ಲಿ ಜಪಾನಿನ ಮತ್ಸುಮೊಟೊ ಸುತ್ತಲಿನ ಕಾರ್ಖಾನೆಗಳು ಅಮೆರಿಕದ ಮಾದರಿಗಳನ್ನು ಎಷ್ಟು ಚೆನ್ನಾಗಿ ನಕಲು ಮಾಡಿದವೆಂದರೆ, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. 1982ರ ಹೊತ್ತಿಗೆ ಪ್ರಿಸಿಷನ್ ಬಾಸ್‌ನ ಮೂಲ ತಯಾರಕರೇ ಜಪಾನಿನಲ್ಲಿ ಕಡಿಮೆ ಬೆಲೆಯ ಮಾದರಿಗಳನ್ನು ಮಾಡಿಸತೊಡಗಿದರು. 1985ರ ನಂತರ ಯೆನ್ ಬಲಗೊಂಡು ಜಪಾನ್ ದುಬಾರಿಯಾದಾಗ ತಯಾರಿಕೆ ಕೊರಿಯಾಕ್ಕೆ, ಅಲ್ಲಿ ಕೂಲಿ ಏರಿದಂತೆ ಇಂಡೊನೇಷ್ಯಾದ ಸುರಬಾಯಾದಂಥ ಊರುಗಳಿಗೆ ಮತ್ತು ಚೀನಾಕ್ಕೆ ಸರಿಯಿತು. ಜತೆಗೆ ಕಂಪ್ಯೂಟರ್ ಚಾಲಿತ ಯಂತ್ರಗಳು ಬಂದವು. ನೆಕ್‌ನ ಆಕಾರ, ಪಿಕಪ್‌ನ ಗುಳಿ ಈಗ ಎಲ್ಲಿ ಕೊರೆದರೂ ಕೂದಲೆಳೆಯಷ್ಟೂ ತಪ್ಪುವುದಿಲ್ಲ.

ಈ ಅಗ್ಗಕ್ಕೆ ಬೆಲೆ ತೆತ್ತವರೂ ಇದ್ದಾರೆ. 2007ರಲ್ಲಿ ಕೊರಿಯಾದಲ್ಲಿ ಗಿಟಾರ್ ಕಾರ್ಖಾನೆಗಳು ಮುಚ್ಚಿದಾಗ ಕೆಲಸ ಕಳೆದುಕೊಂಡ ಕಾರ್ಮಿಕರ ಹೋರಾಟ ಒಪ್ಪಂದ ಕಂಡದ್ದು 2019ರಲ್ಲಿ. ತೆತ್ತ ಬೆಲೆಯಲ್ಲಿ ಕಾಡಿನ ಲೆಕ್ಕವೂ ಸೇರಿದೆ. ಫ್ರೆಟ್‌ಬೋರ್ಡಿಗೆ ಬಳಸುವ ಮರಗಳಲ್ಲಿ ನಮ್ಮ ಮಲೆನಾಡಿನ ಬೀಟೆಯೂ ಒಂದು. 2017ರ ಜನವರಿಯಿಂದ ಬೀಟೆ ಜಾತಿಯ ಮರಗಳ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿಯಂತ್ರಣ ಬಿತ್ತು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಅಷ್ಟರಲ್ಲಿ ಹಲವು ಅಗ್ಗದ ಬಾಸ್‌ಗಳು ‘ಇಂಡಿಯನ್ ಲಾರೆಲ್’ಗೆ ಹೊರಳಿದ್ದವು. ಅದು ನಾವು ಬಲ್ಲ ಮತ್ತಿ ಮರವೇ.

ಕೊನೆಯ ಕೈಕೆಲಸ

ಹಾಗಾದರೆ ದುಬಾರಿ ಬಾಸ್ ಬರೀ ಹೆಸರಿನ ವ್ಯಾಪಾರವೇ? ಹಾಗೆನ್ನಲಾಗದು. ಅಲ್ಲಿ ಒಂದೊಂದು ವಾದ್ಯಕ್ಕೂ ನುರಿತ ಕೈ ತಗಲಿರುತ್ತದೆ, ಬಿಡಿಭಾಗಗಳು ಬಾಳಿಕೆ ಬರುತ್ತವೆ, ಮಾರುವಾಗ ಬೆಲೆ ಸಿಗುತ್ತದೆ. ಅಗ್ಗದ್ದರಲ್ಲಿ ಉಳಿತಾಯ ಮಾಡಿರುವುದೇ ಕೊನೆಯ ಕೈಕೆಲಸದಲ್ಲಿ: ಫ್ರೆಟ್ ತುದಿಗಳನ್ನು ಉಜ್ಜಿ ನುಣುಪು ಮಾಡುವುದು, ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ನಟ್‌ನ ಕಚ್ಚನ್ನು ತಕ್ಕಷ್ಟು ಆಳಗೊಳಿಸುವುದು, ತಂತಿಯ ಎತ್ತರ ಹೊಂದಿಸುವುದು. ಸಾಗರ ದಾಟಿ ಬಂದ ವಾದ್ಯ ಬಯಲುಸೀಮೆಯ ಬೇಸಿಗೆಯಲ್ಲಿ ಒಣಗಿದಾಗ ಮರ ಕುಗ್ಗಿ, ಫ್ರೆಟ್‌ಗಳ ಲೋಹದ ತುದಿಗಳು ಅಂಗೈಯನ್ನು ತರಚುತ್ತವೆ. ಇದು ರಿಪೇರಿಯಾಗುವ ದೋಷ. ತಿರುಚಿಕೊಂಡ ನೆಕ್ ಹಾಗಲ್ಲ.

ಆದ್ದರಿಂದ ಪರೀಕ್ಷೆ ನೆಕ್‌ನಿಂದಲೇ ಶುರುವಾಗಬೇಕು. ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ಒತ್ತಿ ಹಿಡಿದರೆ ಏಳೆಂಟನೆಯ ಫ್ರೆಟ್ ಬಳಿ ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಕಾಣಬೇಕು. ಸಂದು ಹೆಚ್ಚಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ನೆಕ್‌ನೊಳಗಿನ ಟ್ರಸ್ ರಾಡ್ ತಿರುಗಿಸಿ ಸರಿಪಡಿಸಲಾಗುತ್ತದೆಯೇ ಎಂದು ಅಲ್ಲೇ ನೋಡಬೇಕು. ಅತಿ ಸಣ್ಣ ತಂತಿಯ ಮೇಲೆ ಐದರಿಂದ ಏಳನೆಯ ಫ್ರೆಟ್‌ವರೆಗೆ ಒಂದೊಂದೇ ಸ್ವರ ಮೀಟಿ ಕಾದರೆ, ಯಾವುದಾದರೊಂದು ಬೇಗ ಅಡಗಬಹುದು. ಬಾಸ್‌ನವರು ಇದನ್ನು ‘ಡೆಡ್ ಸ್ಪಾಟ್’ ಎನ್ನುತ್ತಾರೆ. ದುಬಾರಿ ವಾದ್ಯಗಳೂ ಇದಕ್ಕೆ ಹೊರತಲ್ಲ. ಪಿಕಪ್, ಶ್ರುತಿ ಕೀಲಿ, ವಾಲ್ಯೂಮ್ ನಾಬ್‌ಗಳ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ, ಅವನ್ನು ಆಮೇಲೂ ಬದಲಿಸಬಹುದು.

ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಈ ಪರೀಕ್ಷೆಯ ಅವಕಾಶವಿಲ್ಲ. ದೊಡ್ಡ ನಗರಗಳಾಚೆ ಫ್ರೆಟ್ ಸಮ ಮಾಡಬಲ್ಲ ಕೈಗಳೂ ವಿರಳ. ಹೀಗಿರುವಾಗ ಅತ್ಯಂತ ಅಗ್ಗದ ಮಾದರಿಗಿಂತ ಅದರ ಮೇಲಿನ ಒಂದೆರಡು ಹಂತದ್ದನ್ನು, ಅಥವಾ ನುಡಿಸಿ ನೋಡಲು ಸಿಗುವ ಸೆಕೆಂಡ್ ಹ್ಯಾಂಡ್ ಬಾಸನ್ನು ಕೊಳ್ಳುವುದು ಹೆಚ್ಚು ವಿವೇಕದ ದಾರಿ ಎನಿಸುತ್ತದೆ. ಫ್ರೆಟ್, ನಟ್, ತಂತಿಯ ಎತ್ತರ ಹೊಂದಿಸುವ ಸೆಟಪ್‌ಗೆ, ಗಿಟಾರ್ ತಂತಿಗಳಿಗಿಂತ ದುಬಾರಿಯಾದ ಬಾಸ್ ತಂತಿಗಳಿಗೆ ಹಣ ಎತ್ತಿಡಲೇಬೇಕು. ಇನ್ನುಳಿದದ್ದು ಆಂಪ್‌ಗೆ (ಆಂಪ್ಲಿಫೈಯರ್) ಸಲ್ಲಬೇಕು. ಬಾಸ್‌ನ ಅತಿ ದಪ್ಪ ತಂತಿ ಕಂಪಿಸುವುದು ಸೆಕೆಂಡಿಗೆ ಸುಮಾರು 41 ಸಲ. ಆ ತಗ್ಗಿನ ನಾದವನ್ನು ಸಾಮಾನ್ಯ ಗಿಟಾರ್ ಆಂಪ್‌ನ ಪುಟ್ಟ ಸ್ಪೀಕರ್ ಹೊರಡಿಸಲಾರದು, ಅದಕ್ಕೆ ಜೋಡಿಸಿದ ವಾದ್ಯ ಎಷ್ಟೇ ಬೆಲೆಯದಾಗಿರಲಿ.