ಹೊರಗೆ ಥಳಕು, ಏಸಿಯೊಳಗೆ ಹುಳುಕು!

ಮಂಗಳೂರು: ಸೆಕೆಯ ಊರಿಗೆ ಏಸಿ ಬಂತು. ಏಸಿಯ ಬೆನ್ನಿಗೇ ವಾಸನೆಯೂ ಬಂತು!

ಒಂದು ಕಾಲಕ್ಕೆ ಏಸಿ ಎಂದರೆ ಸಿನಿಮಾ ಟಾಕೀಸಿನ ಬಾಲ್ಕನಿಗೆ, ಬ್ಯಾಂಕ್ ಮ್ಯಾನೇಜರರ ಕೋಣೆಗೆ, ದೊಡ್ಡ ಲಾಡ್ಜಿನ ಡೀಲಕ್ಸ್ ರೂಮಿಗೆ ಮೀಸಲಾದ ವಸ್ತು. ಈಗ ಹಾಗಿಲ್ಲ. ಕದ್ರಿಯ ಫ್ಲಾಟಿನಿಂದ ತೊಕ್ಕೊಟ್ಟಿನ ತಾರಸಿ ಮನೆಯವರೆಗೆ, ಹಂಪನಕಟ್ಟೆಯ ಜವಳಿ ಅಂಗಡಿಯಿಂದ ಸುರತ್ಕಲ್ಲಿನ ಮೊಬೈಲ್ ಅಂಗಡಿಯವರೆಗೆ ಗೋಡೆಯ ಮೇಲೊಂದು ಬಿಳಿ ಪೆಟ್ಟಿಗೆ. ಕಂತು ಕಟ್ಟಿ ತಂದದ್ದಾದರೂ ಸರಿ, ರಾತ್ರಿ ನಿದ್ದೆ ಬಂದರೆ ಸಾಕು ಎಂಬ ಲೆಕ್ಕ.

ಆದರೆ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಪೆಟ್ಟಿಗೆಯ ವರಸೆಯೇ ಬದಲಾಗುತ್ತದೆ. ರಿಮೋಟ್ ಒತ್ತಿದ ಕೂಡಲೇ ತಣ್ಣನೆ ಗಾಳಿಯ ಜೊತೆ ಒಗೆಯದ ಕಾಲುಚೀಲದ ವಾಸನೆ! “ಎಂತ ಮಾರಾಯ್ರೇ, ಇಲಿ ಸತ್ತಿದೆಯಾ?” ಎಂದು ಮನೆಯವರೆಲ್ಲ ಮಂಚದ ಅಡಿ ಹುಡುಕುತ್ತಾರೆ. ಹತ್ತು ನಿಮಿಷದಲ್ಲಿ ವಾಸನೆ ಹೋದಂತಾಗುತ್ತದೆ. ಮರುದಿನ ಮತ್ತೆ ಅದೇ ಕಥೆ.

ಇದಕ್ಕೆ ಮನೆಮನೆಯಲ್ಲಿ ನಡೆಯುವ ಚಿಕಿತ್ಸೆ ಏನು? ಊದುಬತ್ತಿ ಹಚ್ಚುವುದು, ಸೆಂಟ್ ಹೊಡೆಯುವುದು, ಕೊನೆಗೆ ಮೆಕ್ಯಾನಿಕ್‌ನ್ನು ಕರೆದು ಗ್ಯಾಸ್ ತುಂಬಿಸುವುದು. ಮೂರರಿಂದಲೂ ವಾಸನೆ ಹೋಗುವುದಿಲ್ಲ. ಹೋಗುವುದು ಕಿಸೆಯ ದುಡ್ಡು ಮಾತ್ರ.

ವಾಸನೆ ಹುಟ್ಟುವುದು ಎಲ್ಲಿ?

ಏಸಿ ಕೆಲಸ ಮಾಡುವ ಬಗೆ ತಿಳಿದರೆ ಅರ್ಧ ರೋಗ ಗೊತ್ತಾದ ಹಾಗೆ. ಈ ಯಂತ್ರ ಹುಟ್ಟಿದ್ದೇ ತೇವ ಹೀರಲು. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣದ ಅಚ್ಚು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಆ ತೇವವನ್ನು ಹದಕ್ಕೆ ತರಲು ವಿಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರ್ ರೂಪಿಸಿದ ಯಂತ್ರವೇ ಇಂದಿನ ಏಸಿಯ ಮೂಲ.

ತಣ್ಣನೆಯ ಲೋಟದ ಹೊರಮೈ ಬೆವರುವುದನ್ನು ಎಲ್ಲರೂ ಕಂಡಿದ್ದಾರೆ. ಏಸಿಯ ಒಳಗೆ ಆಗುವುದೂ ಅದೇ. ಒಳಪೆಟ್ಟಿಗೆಯಲ್ಲಿ ತಾಮ್ರದ ಕೊಳವೆ, ಅದಕ್ಕೆ ಹೊಂದಿಕೊಂಡ ತೆಳು ಅಲ್ಯೂಮಿನಿಯಂ ಪಟ್ಟಿಗಳು. ಇದಕ್ಕೆ ಕಾಯಿಲ್ ಎಂದು ಹೆಸರು. ಕೋಣೆಯ ಗಾಳಿ ಇದಕ್ಕೆ ತಾಗಿದಾಗ ತೇವ ನೀರಾಗಿ ಇಳಿಯುತ್ತದೆ. ಕೆಳಗಿನ ತಟ್ಟೆಗೆ ಬಿದ್ದು, ಪೈಪಿನ ಮೂಲಕ ಹೊರಗೆ ಹೋಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ, ಕಡಲ ಬದಿಯ ಈ ಊರಿನಲ್ಲಿ ಒಂದು ರಾತ್ರಿಗೆ ಒಂದು ಬಕೆಟ್ ನೀರು ಬಂದರೆ ಅದೇನೂ ಪವಾಡವಲ್ಲ.

ಇನ್ನು ಇದಕ್ಕೆ ಧೂಳು ಸೇರಿಸಿ. ಚರ್ಮದ ಹೊಟ್ಟು, ಬಟ್ಟೆಯ ನೂಲು, ಪೌಡರ್, ಊದುಬತ್ತಿಯ ಹೊಗೆ ಸೇರಿಸಿ. ಪಕ್ಕದ ಅಡುಗೆಮನೆಯಲ್ಲಿ ಬಂಗುಡೆ ಕಾಯಿಸಿದ ಎಣ್ಣೆಯ ಆವಿಯನ್ನೂ ಸೇರಿಸಿ. ಕತ್ತಲೆ, ತೇವ, ತಿನ್ನಲು ಕೊಳೆ! ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಇದಕ್ಕಿಂತ ಒಳ್ಳೆ ಬಿಡಾರ ಬೇಕೇ? ವಾಸನೆಯ ತವರು ಇದೇ.

ಬಹುಮಂದಿ ಭಾವಿಸಿರುವಂತೆ ಮನೆಯ ಏಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯದೇ ಗಾಳಿಯನ್ನು ಎಳೆದು, ತಣಿಸಿ, ಮತ್ತೆ ಕೋಣೆಗೇ ಬಿಡುತ್ತದೆ. ಹೀಗಾಗಿ ನಿನ್ನೆಯ ಮೀನಿನ ಒಗ್ಗರಣೆ ಇಂದು ಬೆಡ್‌ರೂಮಿನಲ್ಲಿ ಪ್ರತ್ಯಕ್ಷ!

ಹತ್ತು ನಿಮಿಷದ ಬಳಿಕ ವಾಸನೆ ಮಾಯವಾಗುವುದೋ? ಅದರಲ್ಲಿ ಅರ್ಧ ಮೂಗಿನ ಮೋಸ. ಒಂದೇ ವಾಸನೆಯಲ್ಲಿ ಕೂತರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಅಂಗಡಿ ಯಜಮಾನರು ಇದನ್ನು ನೆನಪಿಡುವುದು ಒಳ್ಳೆಯದು. ದಿನವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂರುವವರಿಗೆ ಏನೂ ಗೊತ್ತಾಗುವುದಿಲ್ಲ. ಬಾಗಿಲು ತಳ್ಳಿ ಬರುವ ಗಿರಾಕಿಯ ಮೂಗಿಗೆ ಮೊದಲ ಉಸಿರಿಗೇ ಗೊತ್ತಾಗುತ್ತದೆ. ಆತ ಏನೂ ಹೇಳದೆ ಪಕ್ಕದ ಅಂಗಡಿಗೆ ನಡೆಯುತ್ತಾನೆ.

ಬಗೆಬಗೆ ವಾಸನೆ, ಬಗೆಬಗೆ ಕಾರಣ

ಒದ್ದೆ ಬಟ್ಟೆಯ ಮುಗ್ಗಲು ವಾಸನೆಯಾದರೆ ಕಾಯಿಲ್, ಫಿಲ್ಟರ್, ಗಾಳಿ ತಳ್ಳುವ ಬ್ಲೋವರ್, ಈ ಮೂರರ ಕೊಳೆ.

ಚರಂಡಿ ವಾಸನೆಯಾದರೆ ನೀರಿನ ಪೈಪಿನ ಮೇಲೆ ಕಣ್ಣಿಡಬೇಕು. ಪೈಪು ಕಟ್ಟಿಕೊಂಡು ತಟ್ಟೆಯಲ್ಲಿ ನೀರು ನಿಂತರೆ ಅದು ಕೊಳೆಯುತ್ತದೆ. ಕೆಲವು ಕಡೆ ಪೈಪನ್ನು ನೇರ ಬಚ್ಚಲ ಕೊಳವೆಗೋ ಒಳಚರಂಡಿಗೋ ಜೋಡಿಸಿರುತ್ತಾರೆ. ನಡುವೆ ನೀರು ನಿಲ್ಲುವ ಬಾಗು ಇಲ್ಲದಿದ್ದರೆ, ಇದ್ದರೂ ಆ ನೀರು ಒಣಗಿದರೆ, ಚರಂಡಿಯ ಗಾಳಿ ಅದೇ ದಾರಿ ಹಿಡಿದು ದಿಂಬಿನ ಹತ್ತಿರಕ್ಕೆ ಬರುತ್ತದೆ. ಏಸಿ ನೀರಿಗೆ ಬೇರೆಯೇ ದಾರಿ ಇದ್ದರೆ ಕ್ಷೇಮ.

ಸತ್ತ ಪ್ರಾಣಿಯ ನಾತ ಬಂದರೆ ಊಹೆಯೇ ಬೇಡ. ಗೋಡೆಗೆ ಕೊರೆದ ತೂತನ್ನು ಮುಚ್ಚದೆ ಬಿಟ್ಟರೆ ಹಲ್ಲಿ, ಇಲಿಮರಿಗಳಿಗೆ ಅದೇ ರಾಜಬೀದಿ. ಮೇನ್ ಸ್ವಿಚ್ ಆರಿಸಿ ಮೆಕ್ಯಾನಿಕ್‌ನ್ನು ಕರೆಯಿರಿ. ಬಳಿಕ ತೂತನ್ನು ಪುಟ್ಟಿ ಹಾಕಿ ಮುಚ್ಚಿಸಿ.

ಸುಟ್ಟ ವಾಸನೆ ಬಂದರೆ ಮಾತ್ರ ತಡ ಮಾಡುವಂತಿಲ್ಲ. ವಯರೋ, ಪ್ಲಗ್ಗೋ, ಮೋಟರೋ ಕಾದಿದೆ ಎಂದರ್ಥ. ರಿಮೋಟ್ ಹುಡುಕುತ್ತ ಕೂರಬೇಡಿ. ಮೇನ್ ಸ್ವಿಚ್ಚನ್ನೇ ಇಳಿಸಿ. ಏಸಿಗೆ ಪ್ರತ್ಯೇಕ ಲೈನ್ ಬೇಕು. ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿ ಓಡಿಸುವುದು ಬೆಂಕಿಯ ಜೊತೆ ಸರಸ.

ಕೊಳೆತ ಮೊಟ್ಟೆಯಂಥ ವಾಸನೆಯಾದರೆ ಮೊದಲು ನೋಡಬೇಕಾದ್ದು ಏಸಿಯನ್ನಲ್ಲ, ಅಡುಗೆ ಸಿಲಿಂಡರನ್ನು. ಸೋರಿದರೆ ತಿಳಿಯಲಿ ಎಂದೇ ಅಡುಗೆ ಅನಿಲಕ್ಕೆ ಆ ವಾಸನೆ ಬೆರೆಸಿರುತ್ತಾರೆ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಬೇಡಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

“ಗ್ಯಾಸ್ ಖಾಲಿ ಸಾರ್!”

ವಾಸನೆ ಎಂದ ಕೂಡಲೇ ಕೆಲವರ ಬಾಯಿಂದ ಬರುವ ಮಂತ್ರ ಇದು. ಬಿಸಿಲಿನಲ್ಲಿ ಮೂರನೇ ಮಹಡಿಯ ಹೊರಗೆ ನೇತಾಡಿ ದುಡಿಯುವ ಪ್ರಾಮಾಣಿಕ ಮೆಕ್ಯಾನಿಕ್‌ಗಳು ಬೇಕಾದಷ್ಟು ಜನ ಇದ್ದಾರೆ. ಅವರ ಹೆಸರು ಕೆಡಿಸುವವರೂ ಇದ್ದಾರೆ. ಅದಕ್ಕೇ ಗಿರಾಕಿಗೆ ನಾಲ್ಕು ವಿಷಯ ಗೊತ್ತಿರಬೇಕು.

ಏಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ಸರಕಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರುವ ತೂತು ಮುಚ್ಚದೆ ಗ್ಯಾಸ್ ತುಂಬಿಸುವುದು ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದ ಹಾಗೆ. ಅಲ್ಲದೆ ಈ ಗ್ಯಾಸಿಗೆ ಹೆಚ್ಚೂಕಡಿಮೆ ವಾಸನೆಯೇ ಇಲ್ಲ. ಗ್ಯಾಸ್ ಕಡಿಮೆಯಾದರೆ ಕಾಣುವ ಲಕ್ಷಣ ತಂಪು ಕುಗ್ಗುವುದು, ಕೊಳವೆಯ ಮೇಲೆ ಮಂಜು ಕಟ್ಟುವುದು. ಫಿಲ್ಟರ್ ಕಟ್ಟಿಕೊಂಡರೂ ಮಂಜು ಕಟ್ಟುವುದುಂಟು! ಆದ್ದರಿಂದ ಮೊದಲು ಫಿಲ್ಟರ್, ಆಮೇಲೆ ಗ್ಯಾಸಿನ ಮಾತು. “ಗೇಜ್ ಹಾಕಿ ತೋರಿಸಿ, ಸೋರುವುದೆಲ್ಲಿ ಹೇಳಿ” ಎಂದು ಕೇಳುವುದು ಗಿರಾಕಿಯ ಹಕ್ಕು.

ಇದು ಬರೀ ದುಡ್ಡಿನ ಪ್ರಶ್ನೆಯೂ ಅಲ್ಲ. ಈಚಿನ ಅನೇಕ ಏಸಿಗಳಲ್ಲಿರುವ ಆರ್-32 ಗ್ಯಾಸಿಗೆ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗುಣ ಉಂಟು. ಆರ್-290 ಎಂದರೆ ಪ್ರೋಪೇನ್. ಅಡುಗೆ ಅನಿಲದ ಒಡಹುಟ್ಟು. ಯಾವ ಯಂತ್ರಕ್ಕೆ ಯಾವ ಗ್ಯಾಸ್, ಎಷ್ಟು ತೂಕ ಎಂದು ಹೊರಪೆಟ್ಟಿಗೆಯ ಚೀಟಿಯಲ್ಲೇ ಬರೆದಿರುತ್ತದೆ. ಅದನ್ನು ಬಿಟ್ಟು ಕೈಗೆ ಸಿಕ್ಕ ಗ್ಯಾಸ್ ತುಂಬಿಸಿಕೊಂಡರೆ ಮಲಗುವ ಕೋಣೆಯಲ್ಲೇ ಅಪಾಯ ಕಟ್ಟಿಕೊಂಡ ಹಾಗೆ.

ಮಾಡಬೇಕಾದ್ದೇನು?

ಬಳಸುವ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯಬೇಕು. ಮೇನ್ ಆರಿಸಿ, ಮುಚ್ಚಳ ಎತ್ತಿ, ಜಾಲರಿ ಕಳಚಿ, ನಲ್ಲಿ ನೀರಿಗೆ ಹಿಡಿದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕಬೇಕು. ಒದ್ದೆ ಫಿಲ್ಟರ್ ಹಾಕಿದರೆ ತೊಳೆದೂ ದಂಡ. ಹತ್ತು ನಿಮಿಷದ ಕೆಲಸ, ಒಂದು ಪೈಸೆ ಖರ್ಚಿಲ್ಲ.

ಏಸಿ ಆರಿಸುವ ಮುನ್ನ 15-20 ನಿಮಿಷ ಬರೀ ಫ್ಯಾನ್ ಮೋಡಿನಲ್ಲಿ ಓಡಿಸಬೇಕು. ಕಾಯಿಲ್ ಒಣಗುತ್ತದೆ, ಬೂಷ್ಟಿಗೆ ನೀರು ಸಿಗುವುದಿಲ್ಲ. ಕೆಲವು ಹೊಸ ಏಸಿಗಳು ಇದನ್ನು ತಾವೇ ಮಾಡುತ್ತವೆ. ಆರಿಸಿದ ಮೇಲೂ ಸ್ವಲ್ಪ ಹೊತ್ತು ಗಾಳಿ ಬಂದರೆ “ಕೆಟ್ಟುಹೋಯ್ತು” ಎಂದು ಗಾಬರಿಯಿಂದ ಮೇನ್ ತೆಗೆಯಬೇಡಿ.

ಮೀನು ಕಾಯಿಸುವಾಗ ಏಸಿ ಆರಿಸಿ, ಕಿಟಕಿ ತೆರೆಯಿರಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಡುವ ಬದಲು ಆಗೀಗ ಅರ್ಧ ಗಂಟೆ ಓಡಿಸಿ, ಕೊನೆಗೆ ಫ್ಯಾನಿನಲ್ಲಿ ಒಣಗಿಸಿ.

ವರ್ಷಕ್ಕೊಮ್ಮೆಯಾದರೂ, ಮಾರ್ಚಿನ ಸೆಕೆ ಏರುವ ಮುಂಚೆ, ಪೂರ್ತಿ ಸರ್ವೀಸ್ ಮಾಡಿಸಬೇಕು. ಮುಂದಿನ ಮುಚ್ಚಳ ಒರೆಸಿ ಬಿಲ್ಲು ಕೊಟ್ಟರೆ ಅದು ಸರ್ವೀಸ್ ಅಲ್ಲ. ಕಾಯಿಲ್ ತೊಳೆದರೇ? ಬ್ಲೋವರಿನ ಕಪ್ಪು ಹೋಯಿತೇ? ತಟ್ಟೆ ಶುಚಿಯಾಯಿತೇ? ಕೊನೆಗೆ ತಟ್ಟೆಗೆ ಒಂದು ಚೆಂಬು ನೀರು ಸುರಿಸಿ ಪೈಪಿನ ತುದಿಯಲ್ಲಿ ನೋಡಿ. ನೀರು ಸರಾಗ ಬಂದರೆ ಮಾತ್ರ ದುಡ್ಡು ಎಣಿಸಿ.

ಮಾಡಬಾರದ್ದೂ ಉಂಟು. ಫಿನಾಯಿಲ್, ಬ್ಲೀಚಿಂಗ್, ಕಕ್ಕಸು ತೊಳೆಯುವ ಆಸಿಡ್ ಯಾವುದನ್ನೂ ಏಸಿಯೊಳಗೆ ಸುರಿಯಬೇಡಿ. ಅಲ್ಯೂಮಿನಿಯಂ ತಿಂದುಹೋಗುತ್ತದೆ, ಘಾಟು ನೇರ ಕೋಣೆಗೆ ಬರುತ್ತದೆ. ಬ್ಲೀಚಿಂಗೂ ಆಸಿಡ್ಡೂ ಸೇರಿದರಂತೂ ಕ್ಲೋರಿನ್ ಎಂಬ ವಿಷಾನಿಲವೇ ಏಳುತ್ತದೆ.

ಹೆದರಬೇಕೇ?

1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ತಂಗಿದ್ದವರು ವಿಚಿತ್ರ ನ್ಯುಮೋನಿಯಾಕ್ಕೆ ತುತ್ತಾಗಿ ಅನೇಕರು ಸತ್ತ ಸುದ್ದಿಯನ್ನು ಹೇಳಿ ಹೆದರಿಸುವವರಿದ್ದಾರೆ. ಆ ರೋಗಾಣು ಬೆಳೆಯುವುದು ಹೆಚ್ಚಾಗಿ ದೊಡ್ಡ ಕಟ್ಟಡಗಳ ನೀರಿನ ಕೂಲಿಂಗ್ ಟವರುಗಳಂಥ ಕಡೆ. ಮನೆಯ ಸ್ಪ್ಲಿಟ್ ಏಸಿಗೆ ಅಂಥ ಟವರ್ ಇಲ್ಲ. ಆದರೆ ಬೂಷ್ಟಿನ ಗಾಳಿ ಆಸ್ತಮಾ ಇರುವವರಿಗೆ, ಅಲರ್ಜಿಯ ಮೂಗಿನವರಿಗೆ ಆಗಿಬರುವುದಿಲ್ಲ. ಮಗುವಿನ ರಾತ್ರಿ ಕೆಮ್ಮಿಗೆ ಔಷಧಿ ಬದಲಿಸುತ್ತಲೇ ಇರುವ ಮನೆಯವರು ಡಾಕ್ಟರರ ಜೊತೆಗೆ ಫಿಲ್ಟರನ್ನೂ ಒಮ್ಮೆ ನೋಡುವುದು ಲೇಸು.

ಕೊನೆಗೆ ರಸ್ತೆಯ ಮಾತು. ಬಸ್ಸಿಗೆ ಕಾಯುವವರ ನೆತ್ತಿಗೆ ಮಹಡಿ ಅಂಗಡಿಗಳ ಏಸಿ ನೀರು ತೊಟ್ಟಿಕ್ಕುವ ಭಾಗ್ಯ ಯಾರಿಗೆ ಬೇಕು? ಪೈಪಿಗೆ ನಾಲ್ಕು ಅಡಿ ಹೆಚ್ಚು ಉದ್ದ ಕೊಟ್ಟರೆ ಮುಗಿಯುವ ಕೆಲಸ. ಮನೆಯಲ್ಲಿ ಪೈಪಿನಡಿ ಬಕೆಟ್ ಇಟ್ಟು ಮರೆಯುವವರೂ ಎಚ್ಚರ! ಪೈಪಿನ ತುದಿ ನೀರಲ್ಲಿ ಮುಳುಗಿದರೆ ಒಳಗಿನ ನೀರು ಇಳಿಯದೆ ಗೋಡೆಗೆ ಹರಿಯಬಹುದು. ಅದಕ್ಕಿಂತ ಮುಖ್ಯ, ಡೆಂಗಿಯ ಸೊಳ್ಳೆಗೆ ಬೇಕಾದ್ದು ಇಂಥ ತಿಳಿ ನೀರೇ. ಒಂದು ವಾರ ನಿಂತರೆ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. 2019ರಲ್ಲಿ ಈ ನಗರವನ್ನು ಡೆಂಗಿ ಕಾಡಿದ್ದು ಯಾರಿಗೂ ಮರೆತಿರಲಾರದು.

ಸಾವಿರಾರು ರೂಪಾಯಿ ಕೊಟ್ಟು ತಂಪು ಕೊಂಡವರು ಹದಿನೈದು ದಿನಕ್ಕೆ ಹತ್ತು ನಿಮಿಷ ಕೊಡಲಾರರೇ? ಈ ಭಾನುವಾರವೇ ಫಿಲ್ಟರ್ ಕಳಚಿ ಬೆಳಕಿಗೆ ಹಿಡಿದು ನೋಡಿ. ಆಚೆಯದು ಕಾಣದಿದ್ದರೆ ವಾಸನೆಗೆ ಬೇರೆ ಸಾಕ್ಷಿ ಬೇಡ.