ನಿಮಗಿದು ಗೊತ್ತೇ? ಇಲ್ಲಿ ಸೋತವರ ಮತ, ಅಲ್ಲಿ ಗೆದ್ದವರಿಗಿಂತ ಹೆಚ್ಚು!

ಬೆಂಗಳೂರಿನ ‘ನಮ್ಮ ಮೆಟ್ರೊ’ದ ನೇರಳೆ ಮಾರ್ಗದಲ್ಲಿ ಬಂದು ಪಟ್ಟಂದೂರು ಅಗ್ರಹಾರ ನಿಲ್ದಾಣದಲ್ಲಿ ಇಳಿದು, ಕೊರಳಪಟ್ಟಿ ಸರಿಮಾಡಿಕೊಳ್ಳುತ್ತ ಐಟಿಪಿಎಲ್ ಟೆಕ್ ಪಾರ್ಕಿನ ಗೇಟಿನತ್ತ ಓಡುವವರನ್ನು ನಿಲ್ಲಿಸಿ ‘ಇಲ್ಲಿನ ಶಾಸಕರು ಯಾರು?’ ಎಂದು ಕೇಳಿ ನೋಡಿ. ಹತ್ತರಲ್ಲಿ ಎಂಟು ಮಂದಿ ಫೋನ್ ತೆಗೆದು ಹುಡುಕಿಯಾರು. ಆದರೆ ಈ ಮಹದೇವಪುರ ಕ್ಷೇತ್ರದ ಚುನಾವಣಾ ಲೆಕ್ಕಗಳು ಯಾವ ಸಾಫ್ಟ್‌ವೇರ್ ಒಗಟಿಗೂ ಕಡಿಮೆಯಿಲ್ಲ. ಒಂದೊಂದಾಗಿ ನೋಡೋಣ.

● ಅಗ್ರಹಾರ ಎಂದರೆ ವಿದ್ವಾಂಸ ಬ್ರಾಹ್ಮಣರಿಗೆ ದತ್ತಿಯಾಗಿ ಬಿಟ್ಟ ಊರು. ಆ ಹೆಸರು ಹೊತ್ತ ಪಟ್ಟಂದೂರು ಅಗ್ರಹಾರ ಇಂದು ಇರುವುದು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರದಲ್ಲಿ. ಬೆಂಗಳೂರು ನಗರ ಜಿಲ್ಲೆಯ 28 ಕ್ಷೇತ್ರಗಳಲ್ಲಿ ಹೀಗೆ ಮೀಸಲಾದವು ನಾಲ್ಕು: ಪುಲಕೇಶಿನಗರ, ಸಿ.ವಿ. ರಾಮನ್ ನಗರ, ಮಹದೇವಪುರ ಮತ್ತು ಆನೇಕಲ್.

● ಮಹದೇವಪುರದ ಕ್ಷೇತ್ರ ಸಂಖ್ಯೆ 174. 2008ಕ್ಕೆ ಮುಂಚೆ ಈ ಹೆಸರಿನ ವಿಧಾನಸಭಾ ಕ್ಷೇತ್ರವೇ ಇರಲಿಲ್ಲ. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹಳೆಯ ವರ್ತೂರು ಕ್ಷೇತ್ರ ಅಳಿಸಿಹೋಗಿ, ಮಹದೇವಪುರ ಹುಟ್ಟಿತು. ಆಗ ಜಿಲ್ಲೆಯ ಕ್ಷೇತ್ರಗಳ ಸಂಖ್ಯೆ 16ರಿಂದ ಒಮ್ಮೆಲೇ 28ಕ್ಕೆ ಏರಿತು.

● ಕ್ಷೇತ್ರ ಹುಟ್ಟಿದಾಗಿನಿಂದ ನಡೆದ ನಾಲ್ಕೂ ವಿಧಾನಸಭಾ ಚುನಾವಣೆಗಳಲ್ಲಿ ಗೆದ್ದದ್ದು ಒಂದೇ ಪಕ್ಷ, ಒಂದೇ ಮನೆ! 2008, 2013 ಮತ್ತು 2018ರಲ್ಲಿ ಬಿಜೆಪಿಯ ಅರವಿಂದ ಲಿಂಬಾವಳಿ ಹ್ಯಾಟ್ರಿಕ್ ಬಾರಿಸಿದರು. 2023ರಲ್ಲಿ ಟಿಕೆಟ್ ಅವರ ಕೈತಪ್ಪಿ ಪತ್ನಿ ಮಂಜುಳಾ ಲಿಂಬಾವಳಿ ಅವರ ಕೈಸೇರಿತು. ಅವರೂ ಗೆದ್ದರು.

● ಗಂಡನ ಮೂರೂ ಗೆಲುವಿನ ಅಂತರವನ್ನು ಕೂಡಿದರೂ ಹೆಂಡತಿಯ ಒಂದು ಗೆಲುವಿನ ಅಂತರಕ್ಕೆ ಸಾಟಿಯಿಲ್ಲ. ಅರವಿಂದ ಲಿಂಬಾವಳಿ ಗೆದ್ದ ಅಂತರ ಕ್ರಮವಾಗಿ 13,358, 6,149 ಮತ್ತು 17,784, ಒಟ್ಟು 37,291. ಮಂಜುಳಾ ಅವರ ಅಂತರ 44,501.

● ಈಗ ತಲೆ ತಿರುಗಿಸುವ ಲೆಕ್ಕ. 2008ರಲ್ಲಿ ಇಲ್ಲಿ ಗೆದ್ದವರಿಗೆ ಬಿದ್ದದ್ದು 76,376 ಮತ. 2013ರಲ್ಲಿ ಸೋತವರಿಗೇ 1,04,095 ಮತ ಬಿತ್ತು. ಆ ವರ್ಷ ಗೆದ್ದವರದು 1,10,244. ಮುಂದಿನ ಸಲ, 2018ರಲ್ಲಿ, ಸೋತವರದು 1,23,898! ಹಿಂದಿನ ಸಲ ಗೆದ್ದವರು ಪಡೆದದ್ದಕ್ಕಿಂತ ಹೆಚ್ಚು ಮತ ಪಡೆದೂ ಸೋಲುವುದು ಇಲ್ಲಿ ಎರಡು ಸಲ ನಡೆದಿದೆ. ಅಭ್ಯರ್ಥಿ ಬೆಳೆಯುವುದಕ್ಕಿಂತ ಬೇಗ ಕ್ಷೇತ್ರವೇ ಬೆಳೆದುಬಿಡುತ್ತದೆ.

● ಆ ಎರಡೂ ಸಲ ಸೋತವರು ಒಬ್ಬರೇ: ಕಾಂಗ್ರೆಸ್‌ನ ಎ.ಸಿ. ಶ್ರೀನಿವಾಸ. 2023ರಲ್ಲಿ ಅವರು ಪುಲಕೇಶಿನಗರಕ್ಕೆ ಹೋಗಿ 62,210 ಮತಗಳ ಅಂತರದಿಂದ ಗೆದ್ದು ಶಾಸಕರಾದರು. ಅಲ್ಲಿ ಅವರಿಗೆ ಬಿದ್ದದ್ದು 87,316 ಮತ. ಮಹದೇವಪುರದಲ್ಲಿ ಸೋತ ಎರಡೂ ಸಲ ಇದಕ್ಕಿಂತ ಹೆಚ್ಚೇ ಬಿದ್ದಿತ್ತು!

● 2023ರಲ್ಲಿ ಇಲ್ಲಿ ಸೋತ ಕಾಂಗ್ರೆಸ್‌ನ ಎಚ್. ನಾಗೇಶ್ ಅವರ ಕಥೆಯೂ ಇಂಥದೇ. 2018ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಪಕ್ಷೇತರರಾಗಿ ಸುಮಾರು 74 ಸಾವಿರ ಮತಕ್ಕೆ ವಿಧಾನಸೌಧದ ಮೆಟ್ಟಿಲು ಹತ್ತಿದ್ದರು. ಮಹದೇವಪುರದಲ್ಲಿ 1,37,230 ಮತ ಪಡೆದರೂ ಮನೆಗೆ ಮರಳಬೇಕಾಯಿತು.

● ನಾಗೇಶ್ ಮತ್ತು ಲಿಂಬಾವಳಿ ಮನೆತನದ ಹಾದಿ ಅದಕ್ಕೂ ಮುಂಚೆ ಒಂದು ದಿನ ಅಡ್ಡ ಹಾದಿತ್ತು. 2021ರ ಜನವರಿ 13ರಂದು ಯಡಿಯೂರಪ್ಪ ಸಂಪುಟ ವಿಸ್ತರಣೆಯಾದಾಗ ಅಬಕಾರಿ ಸಚಿವ ಸ್ಥಾನ ಬಿಟ್ಟುಕೊಟ್ಟು ಹೊರನಡೆದವರು ನಾಗೇಶ್. ಅದೇ ದಿನ ಪ್ರಮಾಣವಚನ ಸ್ವೀಕರಿಸಿದ ಏಳು ಮಂದಿಯಲ್ಲಿ ಅರವಿಂದ ಲಿಂಬಾವಳಿಯೂ ಒಬ್ಬರು.

● ಲಿಂಬಾವಳಿ ಅವರಿಗೆ ಆಗ ಸಿಕ್ಕಿದ್ದು ಅರಣ್ಯ ಖಾತೆ. ಅದಕ್ಕೂ ಹಿಂದೆ ಉನ್ನತ ಶಿಕ್ಷಣ, ಆರೋಗ್ಯ ಖಾತೆಗಳನ್ನು ನೋಡಿಕೊಂಡಿದ್ದರು. ಅರಣ್ಯದ ಅಧಿಕಾರ ಮಾತ್ರ ಆರು ತಿಂಗಳಿಗೇ ಮುಗಿಯಿತು. ಜುಲೈ 26ರಂದು ಯಡಿಯೂರಪ್ಪ ರಾಜೀನಾಮೆ ಕೊಟ್ಟರು; ಬಳಿಕ ಬಂದ ಬೊಮ್ಮಾಯಿ ಸಂಪುಟದಲ್ಲಿ ಲಿಂಬಾವಳಿಗೆ ಜಾಗ ಸಿಗಲಿಲ್ಲ.

● ಮೀಸಲು ಕ್ಷೇತ್ರದಲ್ಲಿ ಸ್ಪರ್ಧಿಸುವವರು ಆ ಕ್ಷೇತ್ರದ ಮತದಾರರೇ ಆಗಿರಬೇಕಿಲ್ಲ. ರಾಜ್ಯದ ಪರಿಶಿಷ್ಟ ಜಾತಿಗೆ ಸೇರಿ, ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಹೊರಗಿನಿಂದ ಬಂದವರಿಗೆ ತಮ್ಮ ಮತವನ್ನು ತಮಗೇ ಹಾಕಿಕೊಳ್ಳುವ ಭಾಗ್ಯ ಮಾತ್ರ ಇಲ್ಲ.

● ಠೇವಣಿಯಲ್ಲೂ ವ್ಯತ್ಯಾಸವಿದೆ. ಪಕ್ಕದ ಕೆ.ಆರ್. ಪುರದಲ್ಲಿ ಸಾಮಾನ್ಯ ಅಭ್ಯರ್ಥಿ 10,000 ರೂಪಾಯಿ ಕಟ್ಟಬೇಕು. ಮಹದೇವಪುರದಲ್ಲಿ ಕಣಕ್ಕಿಳಿಯುವವರೆಲ್ಲ ಪರಿಶಿಷ್ಟ ಜಾತಿಯವರೇ ಆದ್ದರಿಂದ ಎಲ್ಲರಿಗೂ 5,000. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗ ದಾಟದಿದ್ದರೆ ಆ ಹಣ ಸರ್ಕಾರದ ಬೊಕ್ಕಸಕ್ಕೆ.

● ವರ್ತೂರು ಕ್ಷೇತ್ರ ಹೋಯಿತು, ಆದರೆ ವರ್ತೂರಿನ ಹೆಸರು ವಿಧಾನಸಭೆ ಬಿಡಲಿಲ್ಲ! ಕ್ಷೇತ್ರ ರದ್ದಾದ 2008ರಲ್ಲೇ ವರ್ತೂರು ಪ್ರಕಾಶ್ ಕೋಲಾರದಿಂದ ಪಕ್ಷೇತರರಾಗಿ ಗೆದ್ದರು. 2013ರಲ್ಲಿ ಮತ್ತೆ ಪಕ್ಷೇತರರಾಗಿಯೇ ಗೆದ್ದರು. ಊರು ಬೆಂಗಳೂರಿನದು, ಕ್ಷೇತ್ರ ಕೋಲಾರದ್ದು.

● 2023ರಲ್ಲಿ ಅದೇ ವರ್ತೂರು ಪ್ರಕಾಶ್ ಬಿಜೆಪಿಯಿಂದ ನಿಂತು ಕೋಲಾರದಲ್ಲಿ ಸೋತರು. ಗೆದ್ದವರು ಕಾಂಗ್ರೆಸ್‌ನ ಕೊತ್ತೂರು ಮಂಜುನಾಥ್. 2018ರಲ್ಲಿ ಮುಳಬಾಗಿಲಿನಲ್ಲಿ ಜಾತಿ ಪ್ರಮಾಣಪತ್ರದ ತೊಡಕಿನಿಂದ ಇವರು ಕಣದಿಂದ ಹೊರಗುಳಿದದ್ದರಿಂದಲೇ ನಾಗೇಶ್ ಅವರಿಗೆ ದಾರಿ ತೆರೆದದ್ದು. ರಾಜಕೀಯದ ಊರು ಎಷ್ಟು ಚಿಕ್ಕದು ನೋಡಿ.

● ಇದೇ ಕ್ಷೇತ್ರದ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ–ಇಂಡಿಯನ್ನರ ವಸಾಹತಾಗಿ ಶುರುವಾದ ಊರು. ಹೆಸರು ಬಂದದ್ದು ಅವರ ಸಂಘ ಕಟ್ಟಿದ ಡಿ.ಎಸ್. ವೈಟ್ ಅವರಿಂದ, ಜಮೀನು ಕೊಟ್ಟವರು ಮೈಸೂರಿನ ಚಾಮರಾಜೇಂದ್ರ ಒಡೆಯರ್. ಈ ಸಮುದಾಯದ ಒಬ್ಬರು ಚುನಾವಣೆಗೇ ನಿಲ್ಲದೆ ಶಾಸಕರಾಗಬಹುದಿತ್ತು! 224 ಚುನಾಯಿತರ ಜೊತೆ ಒಬ್ಬ ಆಂಗ್ಲೋ–ಇಂಡಿಯನ್ ಸದಸ್ಯರನ್ನು ರಾಜ್ಯಪಾಲರು ನಾಮಕರಣ ಮಾಡುತ್ತಿದ್ದರು. 104ನೇ ತಿದ್ದುಪಡಿಯಿಂದ 2020ರ ಜನವರಿಯಲ್ಲಿ ಆ ಅವಕಾಶ ಮುಗಿಯಿತು.

● ಚುನಾವಣೆ ಬಂದರೆ ರೈಲೂ ಓಡುತ್ತದೆ. ಪಟ್ಟಂದೂರು ಅಗ್ರಹಾರ ನಿಲ್ದಾಣವೂ ಸೇರಿದ ಕೆ.ಆರ್. ಪುರ–ವೈಟ್‌ಫೀಲ್ಡ್ ಮೆಟ್ರೊ ಮಾರ್ಗ ಉದ್ಘಾಟನೆಯಾದದ್ದು 2023ರ ಮಾರ್ಚ್ 25ರಂದು. ನಾಲ್ಕೇ ದಿನಕ್ಕೆ, ಮಾರ್ಚ್ 29ರಂದು, ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಜಾರಿಗೆ ಬಂತು. ಬೈಯಪ್ಪನಹಳ್ಳಿಗೆ ಕೊಂಡಿ ಬೆಸೆದದ್ದು ಮಾತ್ರ ಅಕ್ಟೋಬರ್ 9ಕ್ಕೆ. ಅಲ್ಲಿಯವರೆಗೂ ಈ ಮೆಟ್ರೊ ನಗರದ ಉಳಿದ ಮೆಟ್ರೊದಿಂದ ದೂರವೇ ಉಳಿದಿತ್ತು.

● 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಕೇಂದ್ರದಿಂದ ಪಿ.ಸಿ. ಮೋಹನ್ ಗೆದ್ದ ಅಂತರ 32,707. ಮಹದೇವಪುರ ಒಂದರಲ್ಲೇ ಅವರಿಗೆ ಸಿಕ್ಕ ಮುನ್ನಡೆ 1,14,046! ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೇ ಕ್ಷೇತ್ರ ಫಲಿತಾಂಶ ತಿರುಗಿಸಿತು.

● ಆ ಮುನ್ನಡೆಯೇ ಮಹದೇವಪುರವನ್ನು ದೇಶದ ಚರ್ಚೆಗೆ ತಂದಿತು. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ಇಲ್ಲಿನ ಮತದಾರರ ಪಟ್ಟಿಯಲ್ಲಿ 1,00,250 ಮತಗಳ ಅಕ್ರಮ ನಡೆದಿದೆ ಎಂದು ಆರೋಪಿಸಿದರು. ಚುನಾವಣಾ ಆಯೋಗ ಆರೋಪವನ್ನು ತಳ್ಳಿಹಾಕಿ, ಪ್ರಮಾಣ ಮಾಡಿ ದೂರು ಕೊಡಿ ಎಂದಿತು.

● ಇಲ್ಲಿ ಲಕ್ಷದ ಮಾತು, ಜಯನಗರದಲ್ಲಿ ಬೆರಳೆಣಿಕೆ. 2023ರಲ್ಲಿ ಸಿ.ಕೆ. ರಾಮಮೂರ್ತಿ 57,797 ಮತ, ಸೌಮ್ಯಾ ರೆಡ್ಡಿ 57,781 ಮತ. ಅಂತರ ಬರೀ 16. ಒಂದು ಅಪಾರ್ಟ್‌ಮೆಂಟಿನ ಒಂದು ಮಹಡಿಯವರು ಮನಸ್ಸು ಬದಲಿಸಿದ್ದರೂ ಫಲಿತಾಂಶ ಬದಲಾಗುತ್ತಿತ್ತು.

● ಅದಕ್ಕಿಂತ ಕಡಿಮೆ ಬೇಕೆ? 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಅವರು ಆರ್. ಧ್ರುವನಾರಾಯಣ ಎದುರು ಸೋತದ್ದು ಒಂದೇ ಒಂದು ಮತದಿಂದ: 40,752ಕ್ಕೆ 40,751. ಅದೇ ಕೃಷ್ಣಮೂರ್ತಿ 2023ರಲ್ಲಿ ಕೊಳ್ಳೇಗಾಲದಿಂದ 59 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಒಂದು ಮತದ ಸಾಲ ಬಡ್ಡಿ ಸಮೇತ ತೀರಿತು!

● ಇಂದಿನ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿರುವುದು ಎರಡೇ ವಿಧಾನಸಭಾ ಕ್ಷೇತ್ರ: ಕೆ.ಆರ್. ಪುರ ಮತ್ತು ಮಹದೇವಪುರ. ಅದಕ್ಕೂ ಮುಂಚೆ ಇದ್ದ ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಆ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ಕಸ, ಮೋರಿ, ಬೀದಿದೀಪದ ದೂರುಗಳೆಲ್ಲ ಬಂದು ಬೀಳತೊಡಗಿದ್ದು ಶಾಸಕರ ಬಾಗಿಲಿಗೆ. ಕಾನೂನು ಮಾಡಲು ಆರಿಸಿದವರು ಗುಂಡಿ ಎಣಿಸಬೇಕಾಯಿತು.

● ಮಹದೇವಪುರದ ಗಡಿ ಎಳೆದದ್ದು 2001ರ ಜನಗಣತಿಯ ಲೆಕ್ಕದ ಮೇಲೆ. ಅಂದು ಇಲ್ಲಿ ಮೆಟ್ರೊ ಇರಲಿಲ್ಲ, ಮಹದೇವಪುರ ಬೆಂಗಳೂರು ಪಾಲಿಕೆಗೇ ಸೇರಿರಲಿಲ್ಲ. ಇಂದು ಆರೂವರೆ ಲಕ್ಷದಷ್ಟು ಮತದಾರರಿರುವ ಈ ಕ್ಷೇತ್ರಕ್ಕೂ ವಿಧಾನಸಭೆಯಲ್ಲಿ ಒಂದೇ ಕುರ್ಚಿ.

● ಕೊನೆಗೊಂದು ಭಾಗಾಕಾರ. ಸ್ಥಳೀಯ ಕಾಮಗಾರಿಗಳಿಗೆಂದು ಪ್ರತಿ ಶಾಸಕರಿಗೂ ವರ್ಷಕ್ಕೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಉಂಟು. ಕ್ಷೇತ್ರ ದೊಡ್ಡದಿರಲಿ, ಚಿಕ್ಕದಿರಲಿ, ಮೊತ್ತ ಅಷ್ಟೇ. ಮಹದೇವಪುರದ ಮತದಾರರಿಗೆ ಹಂಚಿದರೆ ತಲೆಗೆ ಸುಮಾರು 31 ರೂಪಾಯಿ. ಪಟ್ಟಂದೂರು ಅಗ್ರಹಾರದ ಹೋಟೆಲಿನಲ್ಲಿ ಅಷ್ಟಕ್ಕೆ ಕಾಫಿ ಬಂದೀತು, ದೋಸೆ ಬರದು.