ಎಷ್ಟು ದಿನ ಹೊರಗಿರಬೇಕು?

2021ರ ನವೆಂಬರ್ 20. ದಕ್ಷಿಣ ಆಫ್ರಿಕಾದ 66 ವರ್ಷದ ಪ್ರಜೆಯೊಬ್ಬರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದರು. ಎರಡೂ ಡೋಸ್ ಲಸಿಕೆ ಆಗಿತ್ತು, ಕೋವಿಡ್ ಇಲ್ಲವೆಂಬ ವರದಿಯೂ ಜೊತೆಗಿತ್ತು. ಇಲ್ಲಿ ಮತ್ತೊಮ್ಮೆ ಗಂಟಲ ದ್ರವ ತೆಗೆದು ನೋಡಿದಾಗ ಪಾಸಿಟಿವ್ ಬಂತು. ಅವರನ್ನು ಹೋಟೆಲಿನಲ್ಲೇ ಪ್ರತ್ಯೇಕವಾಗಿ ಇರಿಸಿದರು. 27ನೇ ತಾರೀಕು ಅವರು ದುಬೈ ವಿಮಾನ ಹತ್ತಿ ಹೊರಟೂ ಹೋದರು. ಡಿಸೆಂಬರ್ 2ರಂದು ಕೇಂದ್ರ ಆರೋಗ್ಯ ಸಚಿವಾಲಯ ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳನ್ನು ಪ್ರಕಟಿಸಿತು. ಎರಡೂ ಬೆಂಗಳೂರಿನವೇ. ಒಂದು ಈ ಪ್ರಯಾಣಿಕರದು. ಇನ್ನೊಂದು 46 ವರ್ಷದ ಸ್ಥಳೀಯ ವೈದ್ಯರದು. ಅವರು ವಿದೇಶಕ್ಕೆ ಹೋಗಿಯೇ ಇರಲಿಲ್ಲ.

ಹೊರಗಿಂದ ಬಂದವರನ್ನು ವಿಮಾನ ನಿಲ್ದಾಣದ ಪರೀಕ್ಷೆ ಹಿಡಿದಿತ್ತು. ಊರಲ್ಲೇ ಇದ್ದ ವೈದ್ಯರ ಬಳಿಗೆ ವೈರಸ್ ಯಾವ ದಾರಿಯಲ್ಲಿ ಬಂತೆಂದು ಯಾವ ಕೌಂಟರಿಗೂ ತಿಳಿಯಲಿಲ್ಲ. ಆ ಎರಡು ವರ್ಷಗಳಲ್ಲಿ ಲೋಕದ ಹಲವಾರು ದೇಶಗಳು ಪರದೇಶದವರಿಗೆ ಬಾಗಿಲು ಮುಚ್ಚಿ, ತೆರೆದು, ಮತ್ತೆ ಮುಚ್ಚಿದ್ದವು. 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್, 14 ದಿನದ ಕ್ವಾರಂಟೈನ್, ಕೆಂಪು ಪಟ್ಟಿ, ಹಸಿರು ಪಟ್ಟಿ ಎಲ್ಲವೂ ನಮ್ಮ ಮನೆಮಾತಾದವು. ಈ ಪದ್ಧತಿ 2020ರಲ್ಲಿ ಹುಟ್ಟಿದ್ದಲ್ಲ. ಅದರ ಮೊದಲ ಕಟ್ಟಳೆ ಬರೆದು ಆರೂವರೆ ಶತಮಾನವಾಗುತ್ತ ಬಂದಿದೆ.

1377ರ ಜುಲೈ 27ರಂದು ಏಡ್ರಿಯಾಟಿಕ್ ಕಡಲತೀರದ ರಗೂಸಾ ನಗರದ ಮಹಾಸಭೆ ಒಂದು ಶಾಸನ ಹೊರಡಿಸಿತು. ಅದು ಇಂದಿನ ಕ್ರೊಯೇಷಿಯಾದ ಡುಬ್ರೋವ್ನಿಕ್. ಪ್ಲೇಗು ಇರುವ ಸೀಮೆಯಿಂದ ಬಂದವರು ಮರ್ಕಾನ್ ಎಂಬ ನಡುಗಡ್ಡೆಯಲ್ಲೋ ಪಕ್ಕದ ಸವ್‌ತಾತ್ ಪಟ್ಟಣದಲ್ಲೋ ಒಂದು ತಿಂಗಳು ಕಳೆದ ಹೊರತು ನಗರಕ್ಕೆ ಕಾಲಿಡುವಂತಿಲ್ಲ. ವ್ಯಾಪಾರದಿಂದಲೇ ಬದುಕುತ್ತಿದ್ದ ಊರದು. ಹಡಗುಗಳನ್ನು ಪೂರ್ತಿ ನಿಲ್ಲಿಸಿದರೆ ಹಸಿವು, ಹಾಗೇ ಬಿಟ್ಟುಕೊಂಡರೆ ಸಾವು. ಬನ್ನಿ, ಆದರೆ ಕಾದು ಬನ್ನಿ ಎನ್ನುವ ನಡುದಾರಿಯನ್ನು ಅವರು ಕಂಡುಕೊಂಡರು. ಮುಂದೆ ಮೂವತ್ತು ದಿನ ನಲವತ್ತಾಯಿತು. ನಲವತ್ತಕ್ಕೆ ಇಟಲಿಯವರು ಹೇಳುವ 'ಕ್ವಾರಂತಾ'ದಿಂದಲೇ ಕ್ವಾರಂಟೈನ್ ಎಂಬ ಮಾತು ಬಂತು. 1423ರಲ್ಲಿ ವೆನಿಸ್ ನಗರ ತನ್ನ ಒಂದು ದ್ವೀಪವನ್ನೇ ಪ್ಲೇಗಿನ ಆಸ್ಪತ್ರೆಗೆ ಬಿಟ್ಟುಕೊಟ್ಟಿತು.

ನಲವತ್ತೇ ಏಕೆ? ಯೇಸು ಬೆಂಗಾಡಿನಲ್ಲಿ ಉಪವಾಸವಿದ್ದ ದಿನಗಳ ಲೆಕ್ಕ ಅದಕ್ಕೆ ಕಾರಣವೆನ್ನುವವರಿದ್ದಾರೆ, ಗ್ರೀಕ್ ವೈದ್ಯದ ನಂಬಿಕೆ ಎನ್ನುವವರೂ ಇದ್ದಾರೆ. ರೋಗಾಣು ಎಂಬುದರ ಕಲ್ಪನೆಯೇ ಇಲ್ಲದ ಕಾಲವದು. ಲೆಕ್ಕ ತಪ್ಪಿದ್ದರೂ ಮೂಲ ಯೋಚನೆ ಸರಿಯಿತ್ತು: ರೋಗ ಮೈಯೊಳಗೆ ಹೊಕ್ಕ ಮೇಲೂ ಕೆಲ ದಿನ ತೋರಿಸಿಕೊಳ್ಳುವುದಿಲ್ಲ, ಅಷ್ಟು ದಿನ ಕಾಯಬೇಕು. ಅಲ್ಲಿಂದ ಇಲ್ಲಿಯವರೆಗಿನ ಪ್ರಯಾಣ ನಿಯಮಗಳ ಚರಿತ್ರೆಯೆಲ್ಲ ಆ ದಿನಗಳನ್ನು ಎಣಿಸಿದ ಚರಿತ್ರೆಯೇ. ರೋಗವನ್ನು ಅರಿತು ಎಣಿಸಿದಾಗ ನಿಯಮ ಜೀವ ಉಳಿಸಿದೆ. ಬಂದವರು ಎಲ್ಲಿಯವರೆಂದು ನೋಡಿ ಎಣಿಸಿದಾಗ ಬರೀ ನೋವು ಕೊಟ್ಟಿದೆ.

ಹತ್ತೊಂಬತ್ತನೇ ಶತಮಾನದಲ್ಲಿ ಭಾರತ ಆ ಎರಡನೇ ಬಗೆಯ ಎಣಿಕೆಗೆ ಸಿಕ್ಕಿತು. ಗಂಗಾ ಬಯಲಿನ ಕಾಲರಾ ಯೂರೋಪ್ ತಲುಪಿತ್ತು. 1851ರಲ್ಲಿ ಹನ್ನೆರಡು ದೇಶಗಳು ಪ್ಯಾರಿಸ್ಸಿನಲ್ಲಿ ಸೇರಿ ಮೊದಲ ಅಂತರರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನ ನಡೆಸಿದವು. ಪ್ರತಿ ದೇಶದಿಂದ ಒಬ್ಬ ವೈದ್ಯ, ಒಬ್ಬ ರಾಜತಾಂತ್ರಿಕ. ತಿಂಗಳುಗಟ್ಟಲೆ ಚರ್ಚಿಸಿದರೂ ಕಾಲರಾ ಅಂಟುಜಾಡ್ಯವೇ ಅಲ್ಲವೇ ಎಂಬುದೇ ಇತ್ಯರ್ಥವಾಗಲಿಲ್ಲ. ಹಡಗುಗಳು ಕಾಯುತ್ತ ನಿಂತರೆ ನಷ್ಟವಾಗುತ್ತಿದ್ದುದು ಬ್ರಿಟಿಷರಿಗೆ. ಹಾಗಾಗಿ ಅವರು ದಶಕಗಳ ಕಾಲ ಕ್ವಾರಂಟೈನ್ ಬೇಡವೆಂದೇ ವಾದಿಸಿದರು. ಎಲ್ಲರೂ ಒಪ್ಪಿದ ಮೊದಲ ಕರಾರು ಆಗಿದ್ದು 1892ರಲ್ಲಿ, ಸೂಯೆಜ್ ಕಾಲುವೆ ದಾಟುವ ಹಡಗುಗಳ ಬಗ್ಗೆ. ಅಷ್ಟು ಹೊತ್ತಿಗೆ ಕಾಯುವ ಕಷ್ಟವನ್ನು ಬೇರೆಯವರ ತಲೆಗೆ ಕಟ್ಟಿ ಆಗಿತ್ತು. ಭಾರತದಿಂದ ಹಜ್‌ಗೆ ಹೊರಟ ಯಾತ್ರಿಕರನ್ನು ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಇಳಿಸಿ ದಿನಗಟ್ಟಲೆ ನಿಲ್ಲಿಸುತ್ತಿದ್ದರು, ಅದರ ಶುಲ್ಕವನ್ನೂ ಅವರಿಂದಲೇ ಕೀಳುತ್ತಿದ್ದರು. ಸರಕಿಗೆ ಸಿಕ್ಕ ರಿಯಾಯಿತಿ ಬಡ ಯಾತ್ರಿಕನಿಗೆ ಸಿಗಲಿಲ್ಲ.

1896ರಲ್ಲಿ ಮುಂಬೈಗೆ ಪ್ಲೇಗು ಬಂತು. ಮರುವರ್ಷ ವೆನಿಸ್ಸಿನಲ್ಲಿ ಪ್ಲೇಗಿಗಾಗಿಯೇ ಸಮ್ಮೇಳನ ಸೇರಿತು, ಇಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. 2020ರಲ್ಲಿ ಸರ್ಕಾರಗಳು ಮೊದಲು ಕೈಗೆತ್ತಿಕೊಂಡದ್ದು ಇದೇ 1897ರ ಕಾಯ್ದೆಯನ್ನು. 1898ರ ಆಗಸ್ಟಿನಲ್ಲಿ ರೈಲು ಹಿಡಿದು ಪ್ಲೇಗು ಬೆಂಗಳೂರಿಗೆ ಇಳಿಯಿತು. ಮದ್ರಾಸ್ ಪ್ರಾಂತ್ಯದಲ್ಲಂತೂ 'ಪ್ಲೇಗ್ ಪಾಸ್‌ಪೋರ್ಟ್' ಎಂಬ ಚೀಟಿಯೇ ಇತ್ತು: ಸೋಂಕಿತ ಊರಿನಿಂದ ರೈಲಿನಲ್ಲಿ ಬಂದವರು ಹತ್ತು ದಿನ ಸ್ಥಳೀಯ ಅಧಿಕಾರಿಗೆ ಮುಖ ತೋರಿಸಬೇಕು. ನಮ್ಮ ಹಳ್ಳಿಗರಿಗೆ ಚೀಟಿ ಬೇಕಿರಲಿಲ್ಲ. ಇಲಿ ಸತ್ತು ಬಿದ್ದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಮನುಷ್ಯನಿಗಿಂತ ಇಲಿಯಿಂದ ದೂರ ಓಡಬೇಕೆಂಬ ಆ ನಡೆ ಪ್ಲೇಗಿನ ಮಟ್ಟಿಗೆ ಸರಿಯಾದದ್ದೇ ಆಗಿತ್ತು.

ಎಣಿಕೆ ಸರಿಯಾಗಿ ಕೂತದ್ದು ಹಳದಿ ಜ್ವರದಲ್ಲಿ. ಆಫ್ರಿಕಾ, ದಕ್ಷಿಣ ಅಮೆರಿಕಗಳ ಈ ಜ್ವರವನ್ನು ಹರಡುವುದು ಈಡಿಸ್ ಸೊಳ್ಳೆ. ಕಚ್ಚಿದ ಮೂರರಿಂದ ಆರು ದಿನದಲ್ಲಿ ಕಾಯಿಲೆ ಕಾಣಿಸಿಕೊಳ್ಳುತ್ತದೆ. 1937ರಲ್ಲಿ ಮ್ಯಾಕ್ಸ್ ಥೈಲರ್ ತಂಡ 17ಡಿ ಎಂಬ ಲಸಿಕೆ ಸಿದ್ಧಪಡಿಸಿತು. ಅದಕ್ಕಾಗಿ ಅವರಿಗೆ 1951ರಲ್ಲಿ ನೊಬೆಲ್ ಬಂತು. ಚುಚ್ಚುಮದ್ದಾಗಿ ಹತ್ತು ದಿನ ಕಳೆದ ಮೇಲೆ ಪ್ರಮಾಣಪತ್ರಕ್ಕೆ ಬೆಲೆ. ಅದಿಲ್ಲದೆ ಸೋಂಕಿನ ದೇಶದಿಂದ ಬಂದವರನ್ನು ಭಾರತ ಹೆಚ್ಚೆಂದರೆ ಆರು ದಿನ ಪ್ರತ್ಯೇಕ ಇಡುತ್ತದೆ. ಪ್ರತಿ ಅಂಕಿಗೂ ಒಂದು ಕಾರಣವಿದೆ.

ಈ ವಿಷಯದಲ್ಲಿ ಭಾರತ ಜಗತ್ತಿನ ಅತ್ಯಂತ ಕಟ್ಟುನಿಟ್ಟಿನ ದೇಶಗಳಲ್ಲೊಂದು. ಈಡಿಸ್ ಸೊಳ್ಳೆ ಇಲ್ಲಿದೆ, ರೋಗ ಕಾಣದ ಕೋಟ್ಯಂತರ ಜನರಿದ್ದಾರೆ, ಮಂಗಗಳಿವೆ. ಇಲ್ಲದ್ದು ಆ ವೈರಸ್ ಒಂದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಸುತ್ತಲಿನ ಜನ ಜ್ವರದಿಂದ ಮಲಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದೇ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗ ಸತ್ತರೆ ಅದು ಹಳದಿ ಜ್ವರದ ಮುನ್ಸೂಚನೆ. ಪರೀಕ್ಷಿಸಿದಾಗ ಇದು ಉಣ್ಣಿಗಳಿಂದ ಹರಡುವ, ಅದುವರೆಗೆ ಯಾರೂ ಕಾಣದ ವೈರಸ್ ಎಂದು ಗೊತ್ತಾಯಿತು. ಮಲೆನಾಡಿಗರು ಅದನ್ನು ಮಂಗನ ಕಾಯಿಲೆ ಎಂದು ಕರೆದರು. ಹಳದಿ ಜ್ವರ ಬಂದಿರಲಿಲ್ಲ, ಈವರೆಗೂ ಬಂದಿಲ್ಲ.

1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿ, 1951ರಲ್ಲಿ ಎಲ್ಲ ದೇಶಗಳಿಗೂ ಒಂದೇ ನಿಯಮಾವಳಿ ತಂದಿತು. ಪ್ಲೇಗು, ಕಾಲರಾ, ಹಳದಿ ಜ್ವರ, ಸಿಡುಬು ಸೇರಿ ಆರು ರೋಗಗಳ ಪಟ್ಟಿ ಅದರಲ್ಲಿತ್ತು. ಹಿಂದಿನ ತಲೆಮಾರಿನವರು ವಿದೇಶಕ್ಕೆ ಹೊರಟಾಗ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳುತ್ತಿದ್ದ ಹಳದಿ ಪುಸ್ತಿಕೆ ಈ ನಿಯಮಾವಳಿಯದು. ಕಾಲರಾ ಲಸಿಕೆಯಿಂದ ರೋಗದ ಹರಡುವಿಕೆ ತಡೆಯಲಾಗದೆಂದು ಗೊತ್ತಾಗಿ 1973ರಲ್ಲಿ ಆ ಪ್ರಮಾಣಪತ್ರವನ್ನು ಕೈಬಿಟ್ಟರು. 1980ರಲ್ಲಿ ಸಿಡುಬು ನಿರ್ಮೂಲವಾಯಿತೆಂದು ಘೋಷಣೆಯಾದ ಮೇಲೆ ಅದರ ಪ್ರಮಾಣಪತ್ರವೂ ಹೋಯಿತು.

ಭಯ ಮಾತ್ರ ಹೋಗಲಿಲ್ಲ. 1994ರ ಸೆಪ್ಟೆಂಬರಿನಲ್ಲಿ ಸೂರತ್‌ನಲ್ಲಿ ಪ್ಲೇಗಿನ ಸುದ್ದಿ ಬಂದಾಗ ಹಲವು ದೇಶಗಳು ಭಾರತಕ್ಕೆ ವಿಮಾನ ನಿಲ್ಲಿಸಿದವು. ಅಂಥ ನಿರ್ಬಂಧ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರಲಿಲ್ಲ. ಆದರೂ ರಫ್ತು, ಪ್ರವಾಸೋದ್ಯಮಗಳಿಗೆ ಭಾರೀ ಪೆಟ್ಟು ಬಿತ್ತು. 2003ರಲ್ಲಿ ಸಾರ್ಸ್ ಬಂತು. ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅದರಿಂದ ಕಲಿತು 2005ರಲ್ಲಿ ನಿಯಮಾವಳಿಯನ್ನು ಹೊಸದಾಗಿ ಬರೆದರು: ರೋಗಗಳ ಪಟ್ಟಿಗೆ ಕಟ್ಟುಬೀಳದೆ, ಹೊಸ ಅಪಾಯ ಕಂಡ ಕೂಡಲೇ ಜಗತ್ತಿಗೆ ತಿಳಿಸಬೇಕು, ಉಳಿದವರು ಸಂಚಾರಕ್ಕೆ ಅಗತ್ಯಕ್ಕಿಂತ ಹೆಚ್ಚು ಅಡ್ಡಿ ಮಾಡಬಾರದು.

ಕೋವಿಡ್ ಈ ಒಪ್ಪಂದವನ್ನು ಒರೆಗೆ ಹಚ್ಚಿತು. 2020ರ ಜನವರಿಯಲ್ಲಿ ಚೀನಾದಿಂದ ಬಂದವರ ಜ್ವರ ನೋಡುವ ಕೆಲಸ ಬೆಂಗಳೂರೂ ಸೇರಿ ಏಳು ವಿಮಾನ ನಿಲ್ದಾಣಗಳಲ್ಲಿ ಶುರುವಾಯಿತು. ಸೌದಿ ಅರೇಬಿಯಾದಿಂದ ಹೈದರಾಬಾದ್ ಮೂಲಕ ಕಲಬುರಗಿಗೆ ಮರಳಿದ 76 ವರ್ಷದ ಹಿರಿಯರೊಬ್ಬರಿಗೆ ನಿಲ್ದಾಣದಲ್ಲಿ ಯಾವ ಲಕ್ಷಣವೂ ಇರಲಿಲ್ಲ. ಮಾರ್ಚ್ 10ರಂದು ಅವರು ತೀರಿಕೊಂಡರು. ಕೋವಿಡ್‌ನಿಂದ ದೇಶದಲ್ಲಾದ ಮೊದಲ ಸಾವದು. ಲಕ್ಷಣ ಕಾಣುವ ಮೊದಲೇ ಹರಡುವ ರೋಗವನ್ನು ಜ್ವರ ಅಳೆಯುವ ಯಂತ್ರ ಹಿಡಿಯಲಾರದು ಎಂಬ ಸತ್ಯ ನಮ್ಮ ಮನೆಬಾಗಿಲಿಗೇ ಬಂದಿತ್ತು.

ಮರುದಿನವೇ, ಮಾರ್ಚ್ 11ರಂದು, ಭಾರತ ಬಹುತೇಕ ಎಲ್ಲ ವೀಸಾಗಳನ್ನೂ ತಡೆಹಿಡಿಯುವ ನಿರ್ಧಾರ ಪ್ರಕಟಿಸಿತು. 22ರಿಂದ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳು ಇಳಿಯುವುದೂ ನಿಂತಿತು. ಮಾಮೂಲಿನ ಹಾರಾಟ ಮತ್ತೆ ಶುರುವಾಗಿದ್ದು 2022ರ ಮಾರ್ಚ್ 27ಕ್ಕೆ. ವಿಮಾನಗಳು ನಿಲ್ಲುವ ಮೊದಲು ಬಂದವರ ಕೈಗೆ ಕರ್ನಾಟಕದಲ್ಲಿ ಕ್ವಾರಂಟೈನಿನ ಸೀಲು ಬಿತ್ತು. ಮತದಾನದ ಅಳಿಸಲಾಗದ ಶಾಯಿಯನ್ನು ಈ ಗುರುತಿಗೆ ಬಳಸಲು ಚುನಾವಣಾ ಆಯೋಗ ಅನುಮತಿ ಕೊಟ್ಟಿತು. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ. 2020ರ ಮೇ 12ರಂದು, ವಿದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್ ಯೋಜನೆಯ ವಿಮಾನ ದುಬೈಯಿಂದ ಕರಾವಳಿಯವರನ್ನು ಮಂಗಳೂರಿಗೆ ತಂದಿಳಿಸಿತು. ಕೆಲಸ ಕಳೆದುಕೊಂಡವರು, ತುಂಬು ಗರ್ಭಿಣಿಯರು ಊರಿನ ನೆಲ ಮುಟ್ಟಿದರೂ ಮನೆಗೆ ಹೋಗುವಂತಿರಲಿಲ್ಲ. ಮೊದಲು ಕ್ವಾರಂಟೈನ್.

ಆ ಕಾಯುವಿಕೆಗೆ ವೈದ್ಯಕೀಯ ಕಾರಣವಿತ್ತು. ವೈರಸ್ ಹೊಕ್ಕವರಲ್ಲಿ ಹೆಚ್ಚಿನವರಿಗೆ ಹದಿನಾಲ್ಕು ದಿನದೊಳಗೆ ಲಕ್ಷಣ ಕಾಣುತ್ತಿತ್ತು. ಮುಂದೆ ಬಂದ ಕೆಲವು ನಿಯಮಗಳಿಗೆ ಅಂಥ ಆಧಾರವಿರಲಿಲ್ಲ. 2021ರ ಮೇ ಮೊದಲ ವಾರಗಳಲ್ಲಿ ಆಸ್ಟ್ರೇಲಿಯಾ ಭಾರತದಲ್ಲಿದ್ದ ತನ್ನದೇ ನಾಗರಿಕರನ್ನು ಮನೆಗೆ ಮರಳದಂತೆ ತಡೆಯಿತು, ಮೀರಿದರೆ ಐದು ವರ್ಷದವರೆಗೆ ಜೈಲೆಂದು ಹೆದರಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬ್ರಿಟನ್ ಭಾರತದಲ್ಲಿ ಕೋವಿಶೀಲ್ಡ್ ಹಾಕಿಸಿಕೊಂಡವರನ್ನು ಲಸಿಕೆ ಪಡೆಯದವರೆಂದೇ ಎಣಿಸಿ ಹತ್ತು ದಿನ ಕೂರಿಸಿತು. ಆಕ್ಸ್‌ಫರ್ಡಿನಲ್ಲೇ ರೂಪುಗೊಂಡ ಲಸಿಕೆಯದು, ಪುಣೆಯಲ್ಲಿ ತಯಾರಾದದ್ದು. ತಕರಾರು ಪ್ರಮಾಣಪತ್ರದ ಮೇಲಿತ್ತು. ಭಾರತವೂ ಬ್ರಿಟಿಷರಿಗೆ ಅದೇ ಹತ್ತು ದಿನ ವಿಧಿಸಿದ ಮೇಲೆ, ಅಕ್ಟೋಬರ್ 11ರಿಂದ ಬ್ರಿಟನ್ ನಿಯಮ ಬದಲಿಸಿತು. ವೈರಸ್ಸಿಗೂ ಆ ಹತ್ತು ದಿನಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಓಮಿಕ್ರಾನ್ ಸಮಯದ್ದು. ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಹೊಸ ತಳಿಯನ್ನು ಗುರುತಿಸಿ ನವೆಂಬರ್ 24ರಂದು ಜಗತ್ತಿಗೆ ತಿಳಿಸಿದರು. 2005ರ ನಿಯಮಾವಳಿ ಕೇಳಿದ್ದು ಅದನ್ನೇ. ಎರಡು ದಿನ ಕಳೆಯುವುದರೊಳಗೆ ಶ್ರೀಮಂತ ದೇಶಗಳು ದಕ್ಷಿಣ ಆಫ್ರಿಕಾದ ವಿಮಾನಗಳಿಗೆ ಬಾಗಿಲು ಹಾಕಿದವು. ಅದಕ್ಕೂ ಮೊದಲೇ, 19 ಮತ್ತು 23ರಂದು ತೆಗೆದ ಮಾದರಿಗಳಲ್ಲಿ ಓಮಿಕ್ರಾನ್ ಇತ್ತೆಂದು ನೆದರ್ಲೆಂಡ್ಸ್ ಆಮೇಲೆ ಪ್ರಕಟಿಸಿತು. ಸತ್ಯ ಹೇಳಿದವರಿಗೆ ಶಿಕ್ಷೆಯಾದರೆ ಮುಂದಿನ ಸಲ ಬೇಗ ಹೇಳಲು ಯಾರು ಮುಂದೆ ಬರುತ್ತಾರೆ?

ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಭಾರತಕ್ಕೆ ಬರುವವರು ತುಂಬಬೇಕಿದ್ದ ಏರ್ ಸುವಿಧಾ ಅರ್ಜಿ ಅದಕ್ಕೂ ಮೊದಲೇ ಹೋಗಿತ್ತು. ತಿದ್ದಿದ ನಿಯಮಾವಳಿಯನ್ನು 2024ರ ಜೂನ್ 1ರಂದು ಸದಸ್ಯ ದೇಶಗಳು ಒಪ್ಪಿಕೊಂಡವು.

ಹಳದಿ ಪುಸ್ತಿಕೆ ಮಾತ್ರ ಉಳಿದಿದೆ. ಮಸಾಯಿ ಮಾರಾದ ಸಿಂಹ ನೋಡಲು ಕೀನ್ಯಾಗೆ ಹೊರಡುವ ಕನ್ನಡಿಗರು ಕಡೇ ಗಳಿಗೆಯವರೆಗೆ ಕಾಯದೆ, ಹತ್ತು ದಿನಕ್ಕೂ ಮುಂಚೆಯೇ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಳ್ಳಿ. ಮೊದಲು ಹತ್ತು ವರ್ಷವಿದ್ದ ಅದರ ಪ್ರಮಾಣಪತ್ರದ ಅವಧಿ 2016ರ ಜುಲೈ 11ರಿಂದ ಜೀವಮಾನಕ್ಕೆ ವಿಸ್ತರಿಸಿದೆ. ಹಳೆಯ ಪುಸ್ತಿಕೆ ಮನೆಯಲ್ಲಿದ್ದರೆ ಎಸೆಯಬೇಡಿ.